ಪೋಖರಾದ ಪಿಜ್ಜಾ, ಗಿರಿಜಾಳ ವಾರ

ನೇಪಾಳಕ್ಕೆ ಹೋಗಿ ಬಂದೆ ಎಂದು ಗೊತ್ತಾದ ದಿನದಿಂದ ಆಸ್ಪತ್ರೆಗೆ ಬರುವ ಪೇಷಂಟುಗಳು ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಲೇ ಕೇಳುವುದು ಒಂದೇ ಮಾತು: “ಸಿಸ್ಟರ್, ಹಿಮಾಲಯ ಕಂಡ್ರೇನ್ರಿ?” ಕಂಡೆ. ಒಂದು ಮುಂಜಾನೆ ಹತ್ತು ನಿಮಿಷ ಕಂಡಿತು, ಆಮೇಲೆ ಮೋಡ ಮುಚ್ಚಿತು. ಅದರ ಫೋಟೋ ನಿಮ್ಮೆಲ್ಲರ ಫೋನಿನಲ್ಲಿ ಈಗಾಗಲೇ ಇರುತ್ತದೆ, ನನ್ನದಕ್ಕಿಂತ ಚೆಂದದ್ದೇ ಇರುತ್ತದೆ. ನಾನು ಹೇಳಬೇಕೆಂದು ಕೂತಿರುವುದು ಪೋಖರಾ ಎಂಬ ಊರಿನ ಒಂದು ಸಣ್ಣ ಪಿಜ್ಜಾ ಅಂಗಡಿಯ ಸುದ್ದಿ. ಅಲ್ಲಿ ನಾನು ಕೂಗಾಡಿದೆ, ಅತ್ತೆ, ಉಂಡೆ. ಮೂರೂ ಒಂದೇ ಮಧ್ಯಾಹ್ನ.

ಹಗರಿಬೊಮ್ಮನಹಳ್ಳಿ

ಹೋದವರು ಮೂವರು. ನಾನು ಹುಲಿಗೆಮ್ಮ, ಸ್ಟಾಫ್ ನರ್ಸ್. ಬಾಯಿ ಜೋರು ಎಂದು ವಾರ್ಡಿಗೆಲ್ಲ ಗೊತ್ತು. ಸಕ್ಕರೆ ಕಾಯಿಲೆಯವರು ದಿಂಬಿನ ಕೆಳಗೆ ಲಾಡು ಇಟ್ಟುಕೊಂಡಿದ್ದರೆ ಅವರ ಮಕ್ಕಳ ಮುಂದೆಯೇ ಬೈಯುವವಳು. ಎರಡನೆಯವಳು ನಾಗರತ್ನ, ಬಸ್ ಕಂಡಕ್ಟರ್. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ದಿನವೆಲ್ಲ ಕೂಗಿ ಕೂಗಿ ಅವಳ ಗಂಟಲು ಗಂಡಸರ ಗಂಟಲಿಗಿಂತ ಗಟ್ಟಿ. ಮೂರನೆಯವಳು ಗಿರಿಜಾ, ಹೊಸಹಳ್ಳಿ ಕಡೆಯ ಶಾಲೆಯಲ್ಲಿ ಕನ್ನಡ ಟೀಚರ್. ಗಂಡನ ಮನೆಯವರದು ಬೀಜ, ಗೊಬ್ಬರದ ಅಂಗಡಿ. ಪಿಯುಸಿಯಲ್ಲಿ ಮೂವರದೂ ಒಂದೇ ಬೆಂಚು. ಅಲ್ಲಿಂದ ಲೆಕ್ಕ ಹಾಕಿದರೆ ಇಪ್ಪತ್ತಮೂರು ವರ್ಷದ ಗೆಳೆತನ.

ಲುಂಬಿನಿಗೆ ಹೋಗಬೇಕೆನ್ನುವುದು ನನ್ನ ಆಸೆ. ನಮ್ಮದು ಬುದ್ಧನನ್ನು ನಂಬಿದ ಮನೆ. ಅಪ್ಪ ಕೂಲಿ ಮಾಡುತ್ತಿದ್ದ ಕಾಲದಿಂದಲೂ ತಂಬ್ರಹಳ್ಳಿಯ ನಮ್ಮ ಗೋಡೆಯ ಮೇಲೆ ಬುದ್ಧ ಕೂತಿದ್ದಾನೆ. ಹಿಮ ನೋಡಬೇಕೆನ್ನುವುದು ಗಿರಿಜಾಳ ಆಸೆ. ನಾಗರತ್ನಳಿಗೆ ಎರಡೂ ಬೇಡ. “ಕಟ್ಟಿಗಿ ಒಲಿಯಾಗ ಮಾಡಿದ ಪಿಜ್ಜಾ ತಿನ್ನಬೇಕು ನೋಡವ್ವ, ನನ್ನ ಮಗಳು ಮೊಬೈಲಿನಾಗ ತೋರಿಸ್ಯಾಳ,” ಎಂದಳು. ಪಿಜ್ಜಾ ನಮ್ಮೂರಲ್ಲೂ ಸಿಗುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ ಇದೆ, ಬನ್ನಿನ ಮೇಲೆ ಟೊಮೆಟೊ ಸಾಸ್ ಹಚ್ಚಿ ಬಿಸಿ ಮಾಡಿ ಕೊಡುತ್ತಾರೆ. ಅದನ್ನು ನಾಗರತ್ನ ಪಿಜ್ಜಾ ಎಂದು ಒಪ್ಪುವುದಿಲ್ಲ.

ನನಗೆ ಇನ್ನೊಂದು ಉದ್ದೇಶವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ‘ವಾರ’ ಎಂದರೆ ಮನೆದೇವರ ಹೆಸರಿನಲ್ಲಿ ಹಿಡಿಯುವ ಒಪ್ಪತ್ತು. ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಗುರುವಾರ. ಅವತ್ತು ಹೊರಗೆ ಉಣ್ಣುವಂತಿಲ್ಲ. ಗಿರಿಜಾ ನನ್ನ ಮನೆಗೆ ಬಂದ ದಿನವೆಲ್ಲ ಅವಳ ವಾರ. ಸೋಮವಾರ ಬಂದರೂ ವಾರ, ಶುಕ್ರವಾರ ಬಂದರೂ ವಾರ. ಪಿಯುಸಿ ಓದುವಾಗ ಒಮ್ಮೆ ತಂಬ್ರಹಳ್ಳಿಯಲ್ಲಿ ಉಂಡದ್ದು ಬಿಟ್ಟರೆ ಮತ್ತೆ ಅವಳು ನನ್ನ ಮನೆಯಲ್ಲಿ ತುತ್ತು ಮುಟ್ಟಲಿಲ್ಲ. ಹಾಗೆಂದು ಅವಳೇನೂ ಕೆಟ್ಟವಳಲ್ಲ. ನಮ್ಮವ್ವ ತೀರಿಕೊಂಡಾಗ ಇಡೀ ದಿನ ನನ್ನ ಕೈ ಹಿಡಿದು ಕೂತಿದ್ದಳು. ಆದರೆ ಸಂಜೆ ಚಹಾ ಕೊಟ್ಟಾಗ ಅದೇ ಮಾತು: “ಬ್ಯಾಡವ್ವಾ, ಇವತ್ತು ನಂದು ವಾರ.”

ಈಗ ನಾನು ಮನೆ ಕಟ್ಟಿಸಿದ್ದೇನೆ. ಪ್ರವಾಸ ಮುಗಿಸಿ ಬಂದ ಮುಂದಿನ ತಿಂಗಳು ಮನೆ ಓಪನಿಂಗ್. ಗಿರಿಜಾ ನನ್ನ ಮನೆಯಲ್ಲಿ ಉಣ್ಣುತ್ತಾಳೋ ಇಲ್ಲವೋ, ಈ ಪ್ರವಾಸದಲ್ಲೇ ನೇರವಾಗಿ ಕೇಳಿಬಿಡುತ್ತೇನೆ ಎಂದುಕೊಂಡೇ ರೈಲು ಹತ್ತಿದೆ. ಇಲ್ಲ ಎಂದರೆ ಅವಳನ್ನು ಕರೆಯುವುದಿಲ್ಲ. ಓಪನಿಂಗಿಗೂ ಇಲ್ಲ, ಆಮೇಲೂ ಇಲ್ಲ. ಹಾಗೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ರೈಲಿನಲ್ಲಿ

ಗೋರಖ್‌ಪುರದವರೆಗಿನ ರೈಲಿಗೆ ಗಿರಿಜಾ ಐವತ್ತು ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡೂ ಅವಳೇ ಕುಟ್ಟಿದ್ದು. ನಮಗಿಬ್ಬರಿಗೂ ಕೈತುಂಬ ಕೊಟ್ಟಳು. ನಾನು ನನ್ನ ಡಬ್ಬಿ ತೆಗೆದು ಹುರಿದ ಅವಲಕ್ಕಿ ಮುಂದೆ ಹಿಡಿದೆ.

“ಇವತ್ತು ನಂದು...” ಎಂದು ಶುರು ಮಾಡಿದಳು.

“ವಾರ,” ಎಂದು ನಾನೇ ಮುಗಿಸಿದೆ. ಅವಳು ಕಿಟಕಿಯ ಹೊರಗೆ ನೋಡಿದಳು.

ಆ ಐವತ್ತು ರೊಟ್ಟಿಯ ಗತಿ ಕೇಳಬೇಡಿ. ಎರಡನೇ ದಿನ ನಾಗರತ್ನ ಸೀಟಿನ ಮೇಲೆ ಇಟ್ಟಿದ್ದ ಚೀಲವನ್ನು ದಿಂಬು ಎಂದು ತಿಳಿದು ಅದರ ಮೇಲೆ ಕೂತುಬಿಟ್ಟಳು. ಕರ್ರ್ ಎಂದು ಸದ್ದಾಯಿತು. ತೆಗೆದು ನೋಡಿದರೆ ಎಲ್ಲ ಪುಡಿ. “ಕುಂತಾಕಿ ನೀನು, ಅಳಾಕಿ ನಾನು,” ಎಂದು ಗಿರಿಜಾ ಹಣೆ ಚಚ್ಚಿಕೊಂಡಳು. ಪುಡಿಯನ್ನೇ ಮೊಸರಿನಲ್ಲಿ ಕಲಸಿಕೊಂಡು ಚಮಚದಲ್ಲಿ ತಿಂದೆವು. ಎದುರು ಸೀಟಿನ ಬಿಹಾರಿ ಅಜ್ಜ ಇದೇನು ಔಷಧವೇ ಎಂದು ಕೇಳಿದ.

ಗೋರಖ್‌ಪುರದಲ್ಲಿ ಇಳಿದಾಗ ಮೂವರಿಗೂ ಹಸಿವು. ಸ್ಟೇಷನ್ ಹೊರಗೆ ಪೂರಿ ಕರಿಯುತ್ತಿದ್ದರು. ಗಿರಿಜಾ ಎಂಟು ಪೂರಿ ತಿಂದಳು. ಕರಿದವರು ಯಾರು, ಯಾವ ಮನೆಯವರು ಎಂದು ಕೇಳಲಿಲ್ಲ. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. “ಏನ್ ನೋಡ್ತಿಯಲೇ?” ಎಂದಳು. ಏನಿಲ್ಲ ಎಂದೆ.

ಸೋನೌಲಿ

ಪರದೇಶಕ್ಕೆ ಕಾಲಿಡುವುದು ಎಂದರೆ ವಿಮಾನ, ಠಸ್ಸೆ, ಉದ್ದನೆಯ ಸಾಲು ಎಂದುಕೊಂಡಿದ್ದೆವು. ಸೋನೌಲಿಯಲ್ಲಿ ಒಂದು ದೊಡ್ಡ ಕಮಾನು, ಅದರ ಕೆಳಗೆ ನಡೆದು ಹೋಗುವುದು, ಅಷ್ಟೇ. ಲಾರಿ, ಸೈಕಲ್, ಕೋಳಿ ಹಿಡಿದ ಹೆಂಗಸು, ಎಲ್ಲರೂ ಸಂತೆಗೆ ಹೋದಂತೆ ಹೋಗುತ್ತಿದ್ದರು. ನಾಗರತ್ನಳಿಗೆ ಸಮಾಧಾನವಾಗಲಿಲ್ಲ. ತನ್ನ ಡ್ಯೂಟಿ ಐಡಿ ಕಾರ್ಡ್ ತೆಗೆದು ಅಲ್ಲಿದ್ದ ಪೊಲೀಸಿಗೆ ತೋರಿಸಿ ಸಲ್ಯೂಟ್ ಹೊಡೆದಳು. ಅವನೂ ಗಾಬರಿಯಿಂದ ಸಲ್ಯೂಟ್ ಹೊಡೆದ. ಆಚೆ ಹೋದ ಮೇಲೆ ತಲೆ ಎಣಿಸಿದಳು, “ಒಂದು, ಎರಡು, ಮೂರು. ರೈಟ್!”

ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ. ಅರ್ಧ ತಾಸೂ ಅಲ್ಲ, ಒಂದು ತಾಸೂ ಅಲ್ಲ, ಕಾಲು ತಾಸು. ಇದನ್ನು ನಾಗರತ್ನಳಿಂದ ತಡೆಯಲಾಗಲಿಲ್ಲ. ಬಸ್ಸು ಕಾಲು ತಾಸು ತಡವಾದರೆ ಡಿಪೋದಲ್ಲಿ ಉತ್ತರ ಕೊಡಬೇಕಾದವಳು ಅವಳು. “ಒಂದು ದೇಶಕ್ಕ ದೇಶಾನ ಕಾಲು ತಾಸು ಬಿಫೋರ್ ಹೊಂಟೈತಲ್ಲ, ಇವ್ರನ್ನ ಕೇಳೋರು ಯಾರು?” ಎಂದು ದಾರಿಯುದ್ದಕ್ಕೂ ಗೊಣಗಿದಳು.

ಲುಂಬಿನಿ

ಬರಿಗಾಲಿನಲ್ಲಿ ನಡೆಯಬೇಕು. ಬಿಸಿಲಿಗೆ ಕಲ್ಲು ಸುಡುತ್ತಿತ್ತು. ಬುದ್ಧ ಹುಟ್ಟಿದ ಜಾಗಕ್ಕೆ ಗಾಜು ಹಾಕಿದ್ದಾರೆ. ಸಾಲಿನಲ್ಲಿ ಹೋಗಿ ಬಗ್ಗಿ ನೋಡಬೇಕು, ನಿಲ್ಲುವಂತಿಲ್ಲ. ನಾನು ನಿಂತೆ. ಅಪ್ಪ ಇದ್ದಿದ್ದರೆ ಎನ್ನಿಸಿತು. ಹಿಂದೆ ಇದ್ದವರು ಏನೋ ಅಂದರು, ನಾಗರತ್ನ ಕನ್ನಡದಲ್ಲೇ “ಒಂದೀಟು ತಡೀರಿ, ಮುಂದ ಸ್ಟಾಪ್ ಐತಿ” ಎಂದು ಅವರನ್ನು ಸುಮ್ಮನಾಗಿಸಿದಳು.

ಹೊರಗೆ ಅಶೋಕನ ಕಂಬ. ನಮ್ಮ ಕೊಪ್ಪಳದ ಗುಡ್ಡದ ಮೇಲೂ ಅವನ ಅಕ್ಷರ ಇದೆ ಎಂದು ಗಿರಿಜಾ ಪಾಠ ಮಾಡಿದಳು. ಅಷ್ಟು ದೂರದ ರಾಜ ನಮ್ಮ ಕಲ್ಲುಗಳನ್ನೂ ಬಿಡಲಿಲ್ಲ ನೋಡು ಎಂದಳು. ಅರಳಿ ಮರದ ಕೆಳಗೆ ನನ್ನ ಫೋಟೋ ತೆಗೆದವಳೂ ಅವಳೇ, ಸೆರಗು ಸರಿ ಮಾಡಿ, ಬಿಂದಿ ಸರಿ ಮಾಡಿ, ಏಳು ಸಲ.

ಆ ಮರದ ಕೆಳಗೆ ಥಾಯ್ಲೆಂಡಿನ ಕೆಲವು ಹೆಂಗಸರು ಬಿಳಿ ಬಟ್ಟೆ ಉಟ್ಟು ಕೂತಿದ್ದರು. ಬಂದವರಿಗೆಲ್ಲ ಬಾಳೆ ಎಲೆಯಲ್ಲಿ ಸುತ್ತಿದ ಸಿಹಿ ಅನ್ನ ಹಂಚುತ್ತಿದ್ದರು. ಗಿರಿಜಾ ಎರಡೂ ಕೈ ಒಡ್ಡಿ ಇಸಿದುಕೊಂಡಳು, ಕಣ್ಣಿಗೊತ್ತಿಕೊಂಡು ತಿಂದಳು. ನನಗೂ ಕೊಟ್ಟರು. ನಾನು ಬಿಚ್ಚದೆ ಚೀಲದಲ್ಲಿ ಇಟ್ಟುಕೊಂಡೆ. ಹೆಸರು ಗೊತ್ತಿಲ್ಲದವರ ಕೈಯಿಂದ ತಿನ್ನುವವಳಿಗೆ ನನ್ನ ಕೈ ಮಾತ್ರ ಆಗುವುದಿಲ್ಲವೇ? ಅಲ್ಲೇ ಕೇಳಿಬಿಡಬೇಕೆನ್ನಿಸಿತು. ಆ ಜಾಗದಲ್ಲಿ ಜಗಳ ತೆಗೆಯಲು ಮನಸ್ಸಾಗಲಿಲ್ಲ.

ಪೋಖರಾ, ಕೆರೆಯ ಹತ್ತಿರ

ಪೋಖರಾಕ್ಕೆ ಹೋಗುವ ಬಸ್ಸು ಗುಡ್ಡದ ಅಂಚಿನಲ್ಲಿ ಸುತ್ತಿ ಸುತ್ತಿ ಹೋಯಿತು. ಕಂಡಕ್ಟರ್ ಆದವಳೇ ಮೂರು ಸಲ ವಾಂತಿ ಮಾಡಿಕೊಂಡಳು. ಇದನ್ನು ಡಿಪೋದಲ್ಲಿ ಹೇಳಬಾರದು ಎಂದು ನಮ್ಮಿಬ್ಬರಿಂದಲೂ ಆಣೆ ಹಾಕಿಸಿಕೊಂಡಳು. ಡಿಪೋದವರು ಇದನ್ನು ಓದಲಾರರು ಎಂಬ ಧೈರ್ಯದ ಮೇಲೆ ಬರೆದಿದ್ದೇನೆ.

ಮಾರನೇ ದಿನ ಬುಧವಾರ. ಮುಂಜಾನೆ ಹೋಟೆಲಿನಲ್ಲಿ ಪೂರಿ ತಿಂದು, ಕೆರೆಯ ದಂಡೆಗೆ ಹೋಗಿ, ಹತ್ತು ನಿಮಿಷದ ಹಿಮಾಲಯ ನೋಡಿ, ನಾಗರತ್ನಳ ಪಿಜ್ಜಾ ಹುಡುಕುತ್ತ ಹೊರಟೆವು. ದೊಡ್ಡ ರಸ್ತೆಯಲ್ಲಿ ಬಣ್ಣದ ದೀಪದ ಅಂಗಡಿಗಳು ಬೇಕಾದಷ್ಟಿದ್ದವು. ಅವು ಯಾವುವೂ ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಒಂದು ಓಣಿಯೊಳಗೆ ಹೊಗೆ ಕಂಡು ನುಗ್ಗಿದಳು. ನಾಲ್ಕು ಮೇಜಿನ ಅಂಗಡಿ. ಹಿಂದೆ ಮಣ್ಣಿನ ಗುಮ್ಮಟದಂಥ ಒಲೆ, ಪಕ್ಕದಲ್ಲಿ ಸೌದೆಯ ರಾಶಿ. ಬಾಗಿಲಲ್ಲಿ ಒಬ್ಬ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. “ಇದಾ ನೋಡು ಪಿಜ್ಜಾ ಅಂದ್ರ!” ಎಂದು ನಾಗರತ್ನ ಒಳಗೆ ಕಾಲಿಟ್ಟವಳು ಎಮ್ಮೆಯ ಸಗಣಿ ತುಳಿದೇ ಒಳಗೆ ಬಂದಿದ್ದಳು. ಕಾಲು ತೊಳೆಸಲು ಅವಳನ್ನು ಹಿತ್ತಲಿನ ನಲ್ಲಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಹಿಂದಿ ಬರುವವಳು ನಾನೊಬ್ಬಳೇ. ನಾನು ಹೋದದ್ದೇ ತಪ್ಪಾಯಿತು.

ನಾವು ಬರುವಷ್ಟರಲ್ಲಿ ಗಿರಿಜಾ ಆರ್ಡರ್ ಕೊಟ್ಟು ಮುಗಿಸಿದ್ದಳು. ಅಜ್ಜಿಗೆ ನೇಪಾಳಿ ಬಿಟ್ಟು ಏನೂ ಬಾರದು. “ಹೆಂಗ ಹೇಳ್ದಿ ಮತ್ತ?” ಎಂದೆ.

“ಪಿಜ್ಜಾ ಅಂದ್ರ ಎಲ್ಲಾ ದೇಶದಾಗೂ ಪಿಜ್ಜಾನ. ಮಾಂಸ ಹಾಕಬ್ಯಾಡ್ರಿ ಅಂತ ಚೊಲೋತ್ನಂಗ ತಿಳಿಸಿ ಹೇಳೀನಿ. ತಲಿ ಅಲ್ಲಾಡಿಸಿದ್ರು. ಭಾಳ ಖುಷಿ ಆದ್ರು ನೋಡು ಮುದುಕಿ.”

ಅಜ್ಜಿಗೆ ಖುಷಿಯಾದದ್ದಂತೂ ನಿಜ. ಗಿರಿಜಾಳ ಗಲ್ಲ ಮುಟ್ಟಿ ಏನೇನೋ ಹೇಳಿದಳು. ಸೌದೆ ಒಡೆಯುತ್ತಿದ್ದ ಮಗನಿಗೆ ಏನೋ ಕೂಗಿದಳು. ಅವನು ಬೆರಗಿನಿಂದ ನಮ್ಮ ಕಡೆ ನೋಡಿದ, ಸ್ಕೂಟರ್ ಹತ್ತಿ ಎಲ್ಲಿಗೋ ಹೋದ. ಕಾಲು ತಾಸಾಯಿತು, ಅರ್ಧ ತಾಸಾಯಿತು. ನಾಗರತ್ನ ಗಡಿಯಾರ ನೋಡಿ ನೋಡಿ ಸಾಕಾಗಿ, “ಇವ್ರ ಗಡಿಯಾರ ಅಷ್ಟ ಮುಂದ ಐತಿ, ಕೆಲಸ ಎಲ್ಲಾ ಹಿಂದ,” ಎಂದಳು. ಒಂದು ತಾಸಿನ ಮೇಲೆ ಅವನು ಪೇಪರಿನಲ್ಲಿ ಸುತ್ತಿದ ಗಂಟು ಹಿಡಿದು ಬಂದ. ಒಂದೂವರೆ ತಾಸಿಗೆ ಪಿಜ್ಜಾ ಬಂತು.

ಅಗಲವೆಂದರೆ ನಮ್ಮ ರೊಟ್ಟಿಯ ಎರಡರಷ್ಟು. ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪಾಗಿ, ನಡುವೆ ಚೀಸ್ ಕುದಿಯುತ್ತಿತ್ತು. ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಚೂರು. “ಬದನಿಕಾಯಿ ಒಣಗಿಸಿ ಹಾಕ್ಯಾರ,” ಎಂದು ಗಿರಿಜಾ ಕೈ ಹಾಕಿದಳು. ಅಷ್ಟರಲ್ಲಿ ನಾಗರತ್ನ ಮೊದಲ ತುಂಡು ಬಾಯಿಗಿಟ್ಟುಕೊಂಡಿದ್ದಳು. ಅಗಿದಳು. ನಿಲ್ಲಿಸಿದಳು. ಗಿರಿಜಾಳ ಕೈ ಹಿಡಿದಳು.

“ಲೇ, ಮುಟ್ಟಬ್ಯಾಡ. ಇದು ಕುರಿ!”

“ಏನು?”

“ಕುರಿ ಅಂದೆ. ಮ್ಯಾಕಿ ಅಲ್ಲ, ಕುರಿ. ನಮ್ಮಪ್ಪ ಇಡೀ ಜಲ್ಮ ಕುರಿ ಕಾದಾನ, ನಂಗ ಗೊತ್ತಾಗಂಗಿಲ್ಲೇನು?”

ಗಿರಿಜಾ ಕುರ್ಚಿ ಸಮೇತ ಹಿಂದೆ ಸರಿದಳು. ನಾನು ಹಿಂದಿಯಲ್ಲಿ ಕೂಗಿದೆ, ಮಾಂಸ ಬೇಡವೆಂದರೂ ಯಾಕೆ ಹಾಕಿದಿರಿ ಎಂದು. ಅಜ್ಜಿಯ ಮಗ ದುಬೈಯ ಹೋಟೆಲಿನಲ್ಲಿ ಹನ್ನೆರಡು ವರ್ಷ ಪಿಜ್ಜಾ ಮಾಡಿ ಬಂದವನು, ಹಿಂದಿ ಚೆನ್ನಾಗಿ ಬರುತ್ತಿತ್ತು. ಅವನು ಕೈ ಜೋಡಿಸಿಕೊಂಡು ಹೇಳಿದ: ನಾವು ಎಲ್ಲಿ ಹಾಕುತ್ತೇವೆ ದಿದಿ, ನಮ್ಮ ಪಿಜ್ಜಾದಲ್ಲಿ ಅಣಬೆ, ಟೊಮೆಟೊ ಅಷ್ಟೇ. ಈ ದಿದಿಯೇ ನಮ್ಮ ಆಮಾನ, ಅಂದರೆ ಅವ್ವನ, ಕೈ ಹಿಡಿದು ಮತ್ತೆ ಮತ್ತೆ ಕೇಳಿದರಂತೆ, ‘ಮಾಸು ಭೇಡಾ, ಮಾಸು ಭೇಡಾ’ ಎಂದು. ನೇಪಾಳಿಯಲ್ಲಿ ಮಾಸು ಎಂದರೆ ಮಾಂಸ. ಭೇಡಾ ಎಂದರೆ ಕುರಿ.

ನನಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಗಿರಿಜಾಳ ಕಡೆ ತಿರುಗಿದೆ. “ಅಕಿಗೆ ಏನಂದಿ ನೀನು? ಅಂದಂಗ ಅನ್ನು.”

“ಮಾಂಸ ಬೇಡ. ಮಾಂಸ ಬೇಡ,” ಎಂದಳು, ಸ್ಪಷ್ಟವಾಗಿ, ಮಕ್ಕಳಿಗೆ ಉಕ್ತಲೇಖನ ಕೊಟ್ಟಂತೆ.

ಹುಟ್ಟಿದಾಗಿನಿಂದ ‘ಬ್ಯಾಡ’ ಎನ್ನುವವಳು! ಶಾಲೆಯಲ್ಲಿ ಮಕ್ಕಳು ಬ್ಯಾಡ ಎಂದರೆ ಬೇಡ ಎಂದು ತಿದ್ದುವುದು ಅವಳ ಕೆಲಸ, ಸರಿ. ಆದರೆ ಪರದೇಶದವರಿಗೆ ಪುಸ್ತಕದ ಕನ್ನಡ ಮಾತಾಡಿದರೆ ಬೇಗ ತಿಳಿಯುತ್ತದೆ ಎಂದು ಯಾರು ಹೇಳಿದರೋ. ನಮ್ಮ ಮಾತಿನಲ್ಲೇ ‘ಬ್ಯಾಡವ್ವಾ’ ಎಂದಿದ್ದರೆ ಆ ಕುರಿ ಅದರ ಪಾಡಿಗೆ ಇರುತ್ತಿತ್ತು. ನಾಗರತ್ನ ನಕ್ಕು ನಕ್ಕು ಮೇಜಿನ ಮೇಲೆ ತಲೆ ಇಟ್ಟಳು. ನಾನೂ ನಕ್ಕೆ. ಅಂಗಡಿಯವನೂ ನಕ್ಕ. ಗಿರಿಜಾಳಿಗೂ ತಡೆಯಲಾಗಲಿಲ್ಲ.

ನಗದೆ ನಿಂತವಳು ಅಜ್ಜಿ ಒಬ್ಬಳೇ. ಆ ಮಾಂಸ ಅಂಗಡಿಯದಲ್ಲ. ಅವರ ಬೆಟ್ಟದ ಹಳ್ಳಿಯಿಂದ ಹಬ್ಬಕ್ಕೆಂದು ತಂದು, ಮನೆಯಲ್ಲಿ ಒಲೆಯ ಮೇಲೆ ಒಣಗಲು ಕಟ್ಟಿದ್ದ ಖಂಡ. ದೂರದಿಂದ ಬಂದವಳು ಬಾಯಿಬಿಟ್ಟು ಕೇಳಿದಳಲ್ಲ ಎಂದು ಮಗನನ್ನು ಓಡಿಸಿ ತರಿಸಿದ್ದಳು. ನಾನು ಮತ್ತು ನಾಗರತ್ನ ತಿನ್ನತೊಡಗಿದೆವು, ಬಹಳ ಚೆನ್ನಾಗಿದೆ ಎಂದು ಕೈ ಮಾಡಿ ತೋರಿಸಿದೆವು. ನಿಜಕ್ಕೂ ಚೆನ್ನಾಗಿತ್ತು, ನಮ್ಮವ್ವ ಮಳೆಗಾಲಕ್ಕೆ ಇಡುತ್ತಿದ್ದ ಒಣಖಂಡದ ರುಚಿ. ಆದರೂ ಅಜ್ಜಿ ಗಿರಿಜಾಳ ಖಾಲಿ ತಟ್ಟೆಯನ್ನೇ ನೋಡುತ್ತಿದ್ದಳು.

ಗಿರಿಜಾ ಅಜ್ಜಿಯ ಕೈ ಹಿಡಿದಳು. “ಇರ್ಲಿ ಬಿಡಬೇ. ಹೆಂಗೂ ಇವತ್ತು ನಂದು ವಾರ,” ಎಂದಳು. ನನಗೆ ಹೇಳಿದಳು, “ಹಿಂದೀಲೆ ತಿಳಿಸಿ ಹೇಳಲೇ ಅವ್ರಿಗೆ.”

ನಾನು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಎಸೆದೆ.

ಪೋಖರಾ, ಒಲೆಯ ಮುಂದೆ

“ಯಾವ ವಾರ ಲೇ?” ಎಂದೆ. ನನ್ನ ದನಿ ಓಣಿಯವರೆಗೆ ಕೇಳಿಸಿರಬೇಕು. “ಇವತ್ತು ಬುಧವಾರ. ಯಾವ ದೇವ್ರ ವಾರ ಹೇಳು. ನಮ್ಮ ಬುದ್ಧಂದೇನು? ಮುಂಜಾನಿ ಪೂರಿ ತಿನ್ನಾಗ ಇರ್ಲಾರದ ವಾರ ಈಗೆಲ್ಲಿಂದ ಬಂತು?”

“ಹುಲಿಗಿ, ಮುದುಕಿ ಮನಸಿಗೆ ನೋವಾಗಬಾರ್ದು ಅಂತ...”

“ಮುದುಕಿದು ಬಿಡು. ನನ್ನ ಮನಿಗೆ ಬಂದಾಗೆಲ್ಲಾ ವಾರ ಮಾಡಿದ್ಯಲ್ಲ, ಅವಾಗ ಯಾರ ಮನಸಿಗೆ ನೋವಾಗಬಾರ್ದು ಅಂತ? ನಂದೇನು ಮನಸಲ್ಲೇನು? ಸ್ಟೇಷನ್ ಪೂರಿ ಆಗ್ತೈತಿ, ಥಾಯ್ಲೆಂಡಿನೋರ ಅನ್ನ ಆಗ್ತೈತಿ. ನನ್ನ ಕೈಯಾಂದು ಮಾತ್ರ ನಿನಗ ಇಳಿಯಂಗಿಲ್ಲ. ಹೌದಿಲ್ಲೋ? ನೇರ ಹೇಳಿಬಿಡು.”

ಅಜ್ಜಿ ಮಗನ ತೋಳು ಹಿಡಿದುಕೊಂಡಳು. ಗಿರಿಜಾ ಕುರ್ಚಿಯಿಂದ ಎದ್ದು ನಿಂತಳು. ಇಲ್ಲ ಎನ್ನುತ್ತಾಳೆ, ಇನ್ನೊಂದು ನೆವ ಹೇಳುತ್ತಾಳೆ ಎಂದುಕೊಂಡೆ.

“ಹೌದು,” ಎಂದಳು.

ನಾನು ಸೌದೆಯ ರಾಶಿಯ ಮೇಲೆ ಕೂತುಬಿಟ್ಟೆ.

ಅವಳು ನಿಂತೇ ಹೇಳಿದಳು. “ಪಿಯುಸಿ ಓದಾಗ ತಂಬ್ರಹಳ್ಳಿಗೆ ಬಂದಿದ್ನಲ್ಲ, ನಿಮ್ಮವ್ವ ಬಿಸಿರೊಟ್ಟಿ, ಪುಂಡಿಪಲ್ಲೆ ಹಾಕಿದ್ರು. ಖುಷೀಲೆ ಮನ್ಯಾಗ ಹೇಳ್ದೆ. ನಮ್ಮಜ್ಜಿ ತಲಿಮ್ಯಾಗ ನೀರು ಸುರಿದು, ಮೂರು ದಿನ ಅಡಿಗಿಮನಿಗೆ ಬಿಡ್ಲಿಲ್ಲ. ಅವತ್ತು ಹೆದರಿದಾಕಿ ಹೆದರಿದಂಗ ಉಳಿದೆ. ಮದುವಿ ಆದಮ್ಯಾಲೆ ಅತ್ತಿ. ಎಲ್ಲಿ ಹೋಗಿ ಬಂದ್ರೂ ಎಲ್ಲಿ ಉಂಡಿ ಅಂತ ಕೇಳ್ತಾರ. ಅವ್ರಿಗೆ ಸುಳ್ಳು ಹೇಳಾಕ ನಂಗ ಹೆದರಿಕಿ. ನಿನಗ ಹೇಳಾಕ ಹೆದರಿಕಿ ಇರ್ಲಿಲ್ಲ. ನೀ ಏನಾದ್ರೂ ನನ್ನ ಬಿಡಂಗಿಲ್ಲ ಅಂತ ಗೊತ್ತಿತ್ತು.”

“ಬಿಡಬೇಕಂತನ ಬಂದಿದ್ದೆ,” ಎಂದೆ.

ಅದು ಅವಳಿಗೆ ಚುಚ್ಚಿತು. ಚುಚ್ಚಲಿ ಎಂದೇ ಹೇಳಿದ್ದೆ.

ಮೊದಲು ಮಾತಾಡಿದವಳು ನಾಗರತ್ನ. “ನೋಡ್ರವ್ವ, ಜಗಳ ಎಲ್ಲಿಗೂ ಹೋಗಂಗಿಲ್ಲ, ಅದಕ್ಕ ಸೀಟ್ ಹಿಡದಿರ್ತೀನಿ. ಮೊದ್ಲು ಈ ಹೆಣ್ಣಿಗೆ ಏನರ ತಿನ್ನಾಕ ಕೊಡೂಣು. ಮುಂಜಾನಿ ಪೂರಿ ಬಿಟ್ರ ಹೊಟ್ಟ್ಯಾಗ ಏನಿಲ್ಲ.” ಅಂಗಡಿಯವನನ್ನು ಕೇಳಿದರೆ, ಕಲಸಿದ ಹಿಟ್ಟು ಮುಗಿದಿದೆ, ಹೊಸ ಹಿಟ್ಟು ಹುಳಿ ಬರಲು ಸಂಜೆಯಾಗುತ್ತದೆ ಎಂದ. ಅಷ್ಟರಲ್ಲಿ ಅಜ್ಜಿ ಒಳಗಿಂದ ಒಂದು ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಮೆಕ್ಕೆಜೋಳದ ಹಿಟ್ಟು. ತಮ್ಮ ಮನೆಯ ಮುದ್ದೆಗೆಂದು ಇಟ್ಟುಕೊಂಡದ್ದು. ನಮ್ಮ ತಾಲ್ಲೂಕಿನಲ್ಲಿ ಹೊಲ ಹೊಲವೂ ಮೆಕ್ಕೆಜೋಳವೇ, ಆದರೆ ಎಲ್ಲ ಲಾರಿ ಹತ್ತಿ ಕೋಳಿ ಫಾರ್ಮಿಗೆ ಹೋಗುತ್ತದೆ. ಅದನ್ನು ಮನುಷ್ಯರು ತಿನ್ನುವುದನ್ನು ನೋಡಲು ಪರದೇಶಕ್ಕೆ ಬರಬೇಕಾಯಿತು.

ನಾನು ಎದ್ದೆ. ಯಾಕೆ ಎದ್ದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಸಿಟ್ಟು ಇಳಿದಿರಲಿಲ್ಲ. ಹಸಿದವರನ್ನು ನೋಡಿಕೊಂಡು ಕೂರುವುದು ನನಗೆ ಬರುವುದಿಲ್ಲ, ಅಷ್ಟೇ ಇರಬೇಕು. ಕುದಿಯುವ ನೀರು ಕೇಳಿ ಹಿಟ್ಟಿಗೆ ಸುರಿದೆ, ನಾದಿದೆ, ಪಿಜ್ಜಾ ಲಟ್ಟಿಸುವ ಕಲ್ಲಿನ ಮೇಲೆ ರೊಟ್ಟಿ ಬಡಿಯತೊಡಗಿದೆ. ಅಂಗಡಿಯವನು ಲಟ್ಟಣಿಗೆ ಕೊಡಲು ಬಂದ, ಬೇಡ ಎಂದೆ. ಮೊದಲನೆಯದು ನಡುವೆ ಬಿರಿಯಿತು. ಎರಡನೆಯದೂ ಬಿರಿಯಿತು. ಮೂರನೆಯದು ಬಂತು, ಸಿಟ್ಟಿನಲ್ಲಿ ಬಡಿದದ್ದರಿಂದ ತೆಳ್ಳಗೆ, ಅಗಲವಾಗಿ ಬಂತು. ಅದರ ಮೇಲೆ ಟೊಮೆಟೊ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಚೀಸ್ ಹಾಕಿ ಅವನು ಉದ್ದ ಹಿಡಿಕೆಯ ಮರದ ಹಲಗೆಯಿಂದ ಒಲೆಯೊಳಗೆ ತಳ್ಳಿದ. ಅಜ್ಜಿ ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು, ಅವುಗಳಲ್ಲಿ ಯಂತ್ರ ಇದೆಯೇನೋ ಎಂಬಂತೆ.

ತಟ್ಟೆಯನ್ನು ಗಿರಿಜಾಳ ಮುಂದೆ ಕುಕ್ಕಿದೆ.

“ನಂಗೇನು?” ಎಂದಳು.

“ಮತ್ಯಾರಿಗೆ? ಬೇಕಂದ್ರ ತಿನ್ನು. ಇಲ್ಲಂದ್ರ ವಾರ ಮಾಡು.”

ಅವಳು ಮುರಿದಳು. ಕೈ ಸುಟ್ಟಿತು, ಊದಿಕೊಂಡಳು. ಒಂದು ತುತ್ತು ಬಾಯಿಗಿಟ್ಟುಕೊಂಡಳು. ನಾನು ಬೇರೆ ಕಡೆ ನೋಡಬೇಕೆಂದುಕೊಂಡರೂ ಆಗಲಿಲ್ಲ. ಅವಳ ದವಡೆ ಆಡುವುದನ್ನು, ಗಂಟಲು ಏರಿ ಇಳಿಯುವುದನ್ನು ನೋಡಿದೆ. ಎರಡನೇ ತುತ್ತು, ಮೂರನೇ ತುತ್ತು. ನನಗೆ ಅಳು ಬಂತು. ಮುಚ್ಚಿಡುವುದೇನು, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಅತ್ತೆ. ಅಜ್ಜಿ ನೀರು ತಂದುಕೊಟ್ಟಳು.

ಒಂದು ರೊಟ್ಟಿಗೆ ಎಲ್ಲ ಮರೆತೆ ಎಂದರೆ ಸುಳ್ಳಾಗುತ್ತದೆ. ಅಳು ನಿಂತ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. “ಇಲ್ಲಿ ತಿಂದಿ, ಚೊಲೋ ಆತು. ಇಲ್ಲಿ ಯಾರು ನೋಡಾಕ ಅದಾರ? ಊರಾಗ ತಿಂದ್ರ ತಿಂದಂಗ.”

ಗಿರಿಜಾ ಕೈ ಒರೆಸಿಕೊಂಡಳು. ಅಂಗಡಿಯವನಿಂದ ವೈಫೈ ಹಾಕಿಸಿಕೊಂಡು, ಮನೆಗೆ ವಾಟ್ಸಾಪ್ ಕಾಲ್ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟಳು.

“ಅತ್ತೀ, ನಾನ್ರಿ, ಗಿರಿಜಾ. ಊಟ ಆತ್ರೇನು?”

“ಆತು. ನಿಂದಾತಾ? ಎಲ್ಲಿ ಉಂಡಿ?” ಬಂತೇ ಬಂತು.

“ಈಗ ಉಂಡೆ ರೀ. ಹುಲಿಗೆಮ್ಮ ರೊಟ್ಟಿ ಬಡಿದು ಕೊಟ್ಲು. ಅಕಿ ಕೈಯಾಂದ ಉಂಡೆ.”

ಲೈನ್ ಕಟ್ಟಾಯಿತೇ ಎಂದು ನಾಗರತ್ನ ಬಗ್ಗಿ ನೋಡಿದಳು. ಕಟ್ಟಾಗಿರಲಿಲ್ಲ.

“ಯಾತರ ರೊಟ್ಟಿ?” ಎಂದರು ಕೊನೆಗೆ.

“ಮೆಕ್ಕಿಜ್ವಾಳದ್ದು ರೀ.”

“ಅದೆಲ್ಲಿ ಬಡಿಯಾಕ ಬರ್ತೈತಿ. ಬಿರೀತೈತಿ.”

“ಅಕಿಗೆ ಬರ್ತೈತ್ರಿ. ಎರಡು ಬಿರಿದ್ವು, ಮೂರನೇದು ಬಂತು.” ಗಿರಿಜಾ ಉಸಿರು ಎಳೆದುಕೊಂಡಳು. “ಅತ್ತೀ, ಬರೋ ತಿಂಗಳು ಅಕಿ ಮನಿ ಓಪನಿಂಗ್ ಐತಿ. ನಾನು ಹಿಂದಿನ ದಿನಾನ ಹೋಗಾಕಿ, ಅಡಿಗಿಗೆ ನಿಲ್ಲಾಕಿ, ಅಲ್ಲೇ ಉಣ್ಣಾಕಿ. ನೀವೂ ಬಂದ್ರ ನನ್ನ ಬಾಜೂಕ ಕುಂದ್ರುವ್ರಂತ್ರಿ. ಬರಾಕ ಮನಸಿಲ್ಲಂದ್ರ ನಿಮಗ ಮನ್ಯಾಗ ಅನ್ನ ಸಾರು ಮಾಡಿಟ್ಟು ಹೋಗ್ತೀನಿ.”

“ಬಾ, ಊರಿಗರ ಬಾ ಮೊದ್ಲು. ನೋಡೂಣು,” ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.

‘ನೋಡೂಣು’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಆದರೆ ಬೈಯಲಿಲ್ಲವಲ್ಲ ಎಂದು ನಾಗರತ್ನ ಪಿಸುಗುಟ್ಟಿದಳು. ಗಿರಿಜಾ ಖಾಲಿ ತಟ್ಟೆ ಎತ್ತಿ ನನ್ನ ಕಡೆ ಚಾಚಿದಳು.

“ಹುಲಿಗಿ, ಹೊಟ್ಟಿ ತುಂಬಿಲ್ಲಲೇ. ಇನ್ನೊಂದು ಬಡಿ.”

ಅಜ್ಜಿಯ ಡಬ್ಬಿಯ ಹಿಟ್ಟು ಮುಗಿಯುವವರೆಗೂ ಬಡಿದೆ.